ಗುಂಡುಸೂಜಿಯ ಹತ್ತು ಸೆಕೆಂಡು

ಕೆಟ್ಟ ಯಂತ್ರವನ್ನು ಎಸೆಯುವುದೇ ಜಾಣತನವೆಂದು ಎಲ್ಲರೂ ನಂಬಿರುವ ಕಾಲದಲ್ಲಿ, ಅದರ ಹೊಟ್ಟೆ ಬಿಚ್ಚಿ ನೋಡದೆ ಕೈಬಿಡಬಾರದೆಂದು ಮೂವತ್ತನಾಲ್ಕು ವರ್ಷ ಹಟ ಹಿಡಿದ ಕಾಲೇಜಿನ ಪ್ರಯೋಗಾಲಯ ಸಹಾಯಕರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಪಾಠ ಹೇಳುವ ಹುದ್ದೆ ಅವರದಲ್ಲ; ಆದರೂ ಮೇಷ್ಟ್ರು ಎಂಬ ಹೆಸರು ಅವರಿಗೇ ನಿಂತಿತು.

ಅವರ ಕೈಕೆಳಗೆ ಕೆಲಸ ಕಲಿತ ಶಿಷ್ಯನೊಬ್ಬನಿದ್ದಾನೆ. ಸೇರಿದ ವಾರದಲ್ಲೇ ಅವನೊಂದು ಉಪಕರಣ ಸುಟ್ಟಾಗ, "ನನ್ನ ಕೈಯಿಂದಲೇ ಆಯ್ತು ಸಾರ್" ಎಂದು ಪ್ರಾಂಶುಪಾಲರೆದುರು ತಲೆ ತಗ್ಗಿಸಿದವರು ಮೇಷ್ಟ್ರು. ಹೊರಬಂದು ಬೈಯಲೂ ಇಲ್ಲ. ತಮ್ಮ ಬುತ್ತಿಯಲ್ಲಿ ಅರ್ಧ ಅವನ ಮುಂದಿಟ್ಟರು.

ಐದು ವರ್ಷದ ಹಿಂದೆ ಉಪಕರಣಗಳ ಸ್ಟೋರಿಗೆ ಅತ್ತಿತ್ತ ಕತ್ತು ತಿರುಗಿಸುವ ನೆಟ್‌ವರ್ಕ್ ಕ್ಯಾಮೆರಾ ಬಂತು. ಅದನ್ನು ಅಳವಡಿಸಲು ಕಂಪನಿ ಕೊಟ್ಟ ತಂತ್ರಾಂಶದ ಸಿ.ಡಿ. ಪ್ರಾಂಶುಪಾಲರ ಬೀರು ಸೇರಿತು, ಬೀರುವಿನ ಕೀಲಿಕೈ ಎಲ್ಲಿ ಸೇರಿತೋ ದೇವರೇ ಬಲ್ಲ. ಮೇಷ್ಟ್ರು ಕಾಯಲಿಲ್ಲ. ಗೋಡೆಗೇರಿಸುವ ಮುನ್ನ ಕ್ಯಾಮೆರಾದ ಬೆನ್ನಿನ ಚೀಟಿಯಲ್ಲಿದ್ದ ಸಂಖ್ಯೆ ಬರೆದುಕೊಂಡರು; ಕ್ಯಾಮೆರಾವನ್ನು ರೂಟರಿಗೆ ಜೋಡಿಸಿ, ರೂಟರಿನ ಪಟ್ಟಿಯಲ್ಲಿ ಆ ಸಂಖ್ಯೆಯೆದುರಿನ ವಿಳಾಸ ಹುಡುಕಿ, ಬ್ರೌಸರಿನಲ್ಲಿ ಬರೆದೊಡನೆ ಸ್ಟೋರಿನ ಕಪಾಟುಗಳು ಪರದೆಯ ಮೇಲೆ ಮೂಡಿದವು. ಶಿಷ್ಯ ಚಪ್ಪಾಳೆ ತಟ್ಟಿದ.

"ಕುಣೀಬೇಡ, ಇದು ಅರ್ಧ ಕೆಲಸ. ಕಾರ್ಖಾನೆಯವರು ಇಟ್ಟಿರೋ ಪಾಸ್‌ವರ್ಡ್ ಊರಿಗೆಲ್ಲ ಗೊತ್ತಿರತ್ತೆ. ಮೊದಲು ಅದನ್ನ ಬದಲಾಯಿಸ್ಬೇಕು" ಎಂದು ತಾವೇ ಹೊಸದೊಂದನ್ನು ಇಟ್ಟು, ಪ್ರಾಂಶುಪಾಲರಿಗೆ ಮಾತ್ರ ತಿಳಿಸಿದರು.

ಮರುವರ್ಷ, ಅಕ್ಕನ ಶಸ್ತ್ರಚಿಕಿತ್ಸೆಗೆಂದು ಮೇಷ್ಟ್ರು ಎಂಟು ದಿನ ರಜೆ ಹೋದಾಗ, ಪ್ರಾಂಶುಪಾಲರು ಆ ಪಾಸ್‌ವರ್ಡ್ ಮರೆತರು.

"ಅವರನ್ನೇನು ಕೇಳೋದು? ನಿಂಗೆ ಬರಲ್ವಾ?" ಎಂದು ಶಿಷ್ಯನನ್ನು ಕೇಳಿದರು.

ಶಿಷ್ಯ ಉಬ್ಬಿಹೋದ. ಏಣಿ ಹತ್ತಿ, ಕ್ಯಾಮೆರಾದ ಸಣ್ಣ ತೂತಿನೊಳಗೆ ಗುಂಡುಸೂಜಿ ಒತ್ತಿ ಹತ್ತು ಸೆಕೆಂಡು ಹಿಡಿದ. ಅದು ಹೊಸತರಂತಾಗಿ, ಕಾರ್ಖಾನೆಯ ಪಾಸ್‌ವರ್ಡಿಗೇ ಮರಳಿತು. ಉಳಿದದ್ದನ್ನೆಲ್ಲ ಕಲಿತಂತೆಯೇ ಮಾಡಿದ. ಪಾಸ್‌ವರ್ಡ್ ಬದಲಿಸಹೊರಟಾಗ ಪ್ರಾಂಶುಪಾಲರು, "ಸುಲಭದ್ದೇ ಇರ್ಲಿ ಬಿಡಪ್ಪ, ನೆನಪಿರತ್ತೆ" ಎಂದರು. ಬಿಟ್ಟುಬಿಟ್ಟ.

ತಿಂಗಳೊಳಗೆ ಒಂದು ರಜಾದಿನ, ಹೊರಗಿನವರಾರೋ ಅದೇ ಪಾಸ್‌ವರ್ಡಿನಿಂದ ಒಳನುಗ್ಗಿ ಕ್ಯಾಮೆರಾದ ಮುಖವನ್ನು ಗೋಡೆಗೆ ತಿರುಗಿಸಿದರು. ಎರಡು ಕಪಾಟು ಸೂಕ್ಷ್ಮದರ್ಶಕಗಳು ಮಾಯವಾದವು. ಕಂಪನಿಯ ತಂತ್ರಾಂಶ ಬಳಸದೆ ಮನಬಂದಂತೆ ಅಳವಡಿಸಿದ್ದೇ ಕಳವಿಗೆ ಕಾರಣವೆಂದು ವಿಚಾರಣಾ ಸಮಿತಿ ಕಂಡುಹಿಡಿಯಿತು! ಅಂದು ಪ್ರಾಂಶುಪಾಲರು ಫ್ಯಾನು ನೋಡುತ್ತಿದ್ದರು. ಶಿಷ್ಯ ನೆಲ ನೋಡುತ್ತಿದ್ದ. ಮೇಷ್ಟ್ರು ಒಮ್ಮೆ ಅವನ ಮುಖ ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು.

"ಅಳವಡಿಸಿದವನು ನಾನೇ" ಎಂದಷ್ಟೇ ಹೇಳಿದರು.

ಅವರ ಸೇವಾ ಪುಸ್ತಕಕ್ಕೆ ಕಪ್ಪು ಗುರುತು ಬಿತ್ತು. ಅವರಿಗೆ ಸಲ್ಲಬೇಕಿದ್ದ ಮೇಲ್ವಿಚಾರಕನ ಕುರ್ಚಿ ಶಿಷ್ಯನಿಗೆ ಸಿಕ್ಕಿತು. ಮರುದಿನದಿಂದ ಮೇಷ್ಟ್ರು ಬುತ್ತಿಯನ್ನು ಒಬ್ಬರೇ ಉಂಡರು.

ಈ ಅಭಿನಂದನ ಗ್ರಂಥಕ್ಕೆ ಅದೇ ಪ್ರಾಂಶುಪಾಲರು ಗೌರವಾಧ್ಯಕ್ಷರು. ಮುನ್ನುಡಿಯಲ್ಲಿ ಮೇಷ್ಟ್ರ ಪ್ರಾಮಾಣಿಕತೆಯನ್ನು ಬಾಯ್ತುಂಬ ಹೊಗಳಿದ್ದಾರೆ. ನಾಚಿಕೆಗೇಡು. ಶಿಷ್ಯನೂ ಮೊದಲು ಅಂಥದ್ದೇ ನಾಲ್ಕು ಪುಟ ಬರೆದು ಹರಿದುಹಾಕಿದ. ಗುಂಡುಸೂಜಿ ಹಿಡಿದ ಕೈಯೇ ಈಗ ಈ ಲೇಖನ ಬರೆಯುತ್ತಿದೆ.

ಮೇಷ್ಟ್ರು ನೂರ್ಕಾಲ ಬಾಳಲಿ. ಜಗತ್ತಿನ ಕೆಟ್ಟ ರೇಡಿಯೋಗಳೆಲ್ಲ ಅವರ ಮನೆಬಾಗಿಲಿಗೆ ಬರಲಿ. ಸಂಪಾದಕರು ಈ ಪುಟಗಳನ್ನು ಕೈಬಿಟ್ಟರೂ ಚಿಂತೆಯಿಲ್ಲ: ಶಿಷ್ಯ ಇವುಗಳ ಒಂದು ಪ್ರತಿಗೆ ತನ್ನ ಸಹಿ ಹಾಕಿ, ಅದನ್ನು ನಿನ್ನೆ ವಿಚಾರಣೆಯ ಕಡತಕ್ಕೆ ಸೇರಿಸಿ ಬಂದಿದ್ದಾನೆ, ನಾಲ್ಕು ವರ್ಷ ತಡವಾಗಿ.