ಎಡಗೈಗೆ ಒಂದು ಮೌಸ್

ನನಗೆ ಬೇಕಾಗಿದ್ದು ಎರಡೇ. ಮೌಸ್ ಎರಡೂ ಬದಿಗೆ ಒಂದೇ ಆಕಾರದಲ್ಲಿರಬೇಕು, ಕೀಬೋರ್ಡಿನ ಬಲತುದಿಯಲ್ಲಿ ಅಂಕಿಗಳ ಚೌಕ ಇರಬೇಕು. ಉಳಿದದ್ದು, ಅಂದರೆ ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು, ರ‍್ಯಾಮ್ ಎಷ್ಟು ಎಂಬುದೆಲ್ಲ ತುಸು ಹೆಚ್ಚುಕಡಿಮೆಯಾದರೂ ನಡೆಯುತ್ತಿತ್ತು. ಈ ಎರಡು ಮಾತನ್ನು ಶಹಾಪುರದ ಮನೆಯಲ್ಲಿ, ಯಾದಗಿರಿಯ ಅಂಗಡಿಯಲ್ಲಿ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಅರ್ಥ ಮಾಡಿಕೊಂಡವರು ಸುರಪುರದ ಕಂಪ್ಯೂಟರ್ ಕೇಂದ್ರದವರು ಒಬ್ಬರೇ. ಕೊನೆಗೆ ಅವರ ಮಾತೂ ನಡೆಯಲಿಲ್ಲ.

ನನ್ನ ಬಲಗೈಯಲ್ಲಿ ನಡುವಿನ ಎರಡು ಬೆರಳುಗಳಿಲ್ಲ. ಹುಣಸಗಿ ಹತ್ತಿರದ ನಮ್ಮೂರಿಗೆ ಕಾಲುವೆ ನೀರು ಬಂದಮೇಲೆ ಮನೆಯಲ್ಲಿ ಎರಡಿದ್ದ ಎಮ್ಮೆ ಆರಾದವು. ಕೈಯಲ್ಲಿ ಮೇವು ಕತ್ತರಿಸಿ ಪೂರೈಸಲಾಗದೆ ಅಪ್ಪ ಮೋಟಾರಿನಿಂದ ತಿರುಗುವ ಮಿಷನ್ ತಂದರು. ಆಗ ನಾನು ಮೂರನೆಯ ತರಗತಿ. ಜೋಳದ ಕಣಿಕಿಯನ್ನು ಅದರ ಬಾಯಿಗೆ ದೂಡುವಾಗ ಕೈಯೂ ಜೊತೆಗೆ ಹೋಯಿತು. ಆ ದಿನದ ಬಗ್ಗೆ ಇಷ್ಟು ಸಾಕು. ಹೆಬ್ಬೆರಳು, ಕಿರುಬೆರಳು ನೆಟ್ಟಗಿವೆ. ತೋರುಬೆರಳು ಉಳಿಯಿತು, ಆದರೆ ಪೂರ್ತಿ ಮಡಚುವುದಿಲ್ಲ. ಮುಂದಿನ ವರ್ಷ ಶಾಲೆಗೆ ಹೋದಾಗ ಎಡಗೈಯಲ್ಲಿ ಬರೆಯುತ್ತಿದ್ದೆ. ಈಗ ಶಹಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೇನೆ. ನಮ್ಮ ವಿಭಾಗದಲ್ಲಿ ನನ್ನಷ್ಟು ಬೇಗ ಟೈಪ್ ಮಾಡುವವರು ಇನ್ನೊಬ್ಬರಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಅರ್ಜೆಂಟ್ ಪತ್ರಗಳೆಲ್ಲ ನನ್ನ ಮೇಜಿಗೇ ಬಂದು ಬೀಳುತ್ತವೆ.

ಆಟದ ಹುಚ್ಚು ಹತ್ತಿದ್ದು ಸುರಪುರದಲ್ಲಿ. ಪಿಯುಸಿ ಮುಗಿದಮೇಲೆ ಅಲ್ಲಿ ಒಬ್ಬರು ನಡೆಸುತ್ತಿದ್ದ ಕಂಪ್ಯೂಟರ್ ಕೇಂದ್ರಕ್ಕೆ ಸೇರಿದ್ದೆ. ಮೊದಲ ದಿನ ನಾನು ದುಪಟ್ಟಾದ ಕೆಳಗೆ ಕೈ ಮುಚ್ಚಿಕೊಂಡು ಕೂತಿದ್ದನ್ನು ಅವರು ನೋಡಿದರು. ಏನೂ ಕೇಳಲಿಲ್ಲ. ಮೌಸನ್ನು ಎತ್ತಿ ಕೀಬೋರ್ಡಿನ ಎಡಕ್ಕೆ ಇಟ್ಟರು, ಅದರ ಗುಂಡಿಗಳ ಕೆಲಸವನ್ನು ಅದಲುಬದಲು ಮಾಡಿಕೊಟ್ಟು ಮುಂದಿನವರ ಹತ್ತಿರ ಹೋದರು. ಪಾಠ ಮುಗಿದಮೇಲೆ ಕಾಲು ಗಂಟೆ ಕಾರಿನ ರೇಸ್ ಆಡಲು ಬಿಡುತ್ತಿದ್ದರು. ಅಂಕಿಗಳ ಚೌಕ ನನ್ನ ಬಲಗೈಗೆ ಹೇಳಿ ಮಾಡಿಸಿದಂತಿತ್ತು. ಗುಂಡಿಗಳು ಒತ್ತೊತ್ತಾಗಿರುವುದರಿಂದ ಇರುವ ಮೂರು ಬೆರಳು ಎಲ್ಲವನ್ನೂ ಮುಟ್ಟುತ್ತಿದ್ದವು. ಒಂದು ತಿಂಗಳಲ್ಲಿ ನನ್ನನ್ನು ಹಿಂದೆ ಹಾಕುವವರು ಆ ಕೋಣೆಯಲ್ಲಿ ಇರಲಿಲ್ಲ.

ಆಮೇಲೆ ನೌಕರಿ, ಮದುವೆ. ಆಟ ಮೊಬೈಲಿಗೆ ಇಳಿಯಿತು. ಮೊಬೈಲಿನ ಚಿಕ್ಕ ಗಾಜಿನ ಮೇಲೆ ಉಜ್ಜುವುದು ನನಗೆ ಎಂದೂ ಒಗ್ಗಲಿಲ್ಲ. ಒಂದು ದಿನ ಯಾರೋ ಆಡುತ್ತಿದ್ದ ವಿಡಿಯೊ ನೋಡಿದೆ: ಹಿಮದ ಗುಡ್ಡಗಳು, ಒಂದು ಕುದುರೆ, ಹೆಗಲಿಗೆ ಬಿಲ್ಲು ಏರಿಸಿಕೊಂಡ ಹೆಂಗಸು. ಎಲ್ಲಿಗೆ ಬೇಕಾದರೂ ಹೋಗಬಹುದು. ಅದನ್ನು ಆಡಲು ದೊಡ್ಡ ಕಂಪ್ಯೂಟರ್ ಬೇಕೆಂದು ತಿಳಿಯಿತು. ಸಂಬಳದಲ್ಲಿ ಉಳಿಸಿದೆ. ಸಾಕಷ್ಟು ಕೂಡಿದಮೇಲೆ ಗಂಡನಿಗೆ ಹೇಳಿದೆ. ನಾನು ಮಾಡಿದ ತಪ್ಪು ಅದೇ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು.

ನನ್ನ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಳ್ಳೆಯ ಮನುಷ್ಯ, ಬೇಡ ಅನ್ನಲಿಲ್ಲ. "ಆಟಕ್ಕ ಇಷ್ಟು ದೊಡ್ಡ ಮಿಷನ್ ಬೇಕೇನ?" ಎಂದು ಒಂದು ಸಲ ಕೇಳಿ ಸುಮ್ಮನಾದರು. ಎರಡು ದಿನ ಬಿಟ್ಟು ನೋಡಿದರೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡು ಕೂತಿದ್ದಾರೆ. ಒಂದು ಸಾಲಿನಲ್ಲಿ ಪ್ರೊಸೆಸರ್‌ಗಳು, ಇನ್ನೊಂದರಲ್ಲಿ ಮದರ್‌ಬೋರ್ಡ್‌ಗಳು, ಯಾವುದಕ್ಕೆ ಯಾವುದು ಕೂಡುತ್ತದೆ ಎಂಬುದಕ್ಕೆ ಬಾಣದ ಗುರುತು. ಊಟಕ್ಕೆ ಕೂತಾಗ ಅದೇ ಮಾತು, ಕಚೇರಿಗೆ ಬಿಡಲು ಬೈಕಿನಲ್ಲಿ ಹೋಗುವಾಗಲೂ ಅದೇ ಮಾತು. ಕಂಪ್ಯೂಟರ್ ಬೇಕು ಅಂದವಳು ನಾನು. ಹದಿನೈದು ದಿನದಲ್ಲಿ ಅದು ಅವರದಾಗಿತ್ತು.

"ಮೌಸ್ ಮತ್ತ ಕೀಬೋರ್ಡ್ ನಾ ನೋಡ್ತೀನ್ರಿ," ಎಂದೆ.

"ಅವು ಸಣ್ಣ ಸಾಮಾನು. ಕಡೀಗಿ ನೋಡೋಣ ಬಿಡು. ಮೊದಲ ಗ್ರಾಫಿಕ್ಸ್ ಕಾರ್ಡ್ ಫೈನಲ್ ಆಗಲಿ."

ಒಂದು ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಯಾದಗಿರಿಗೆ ಹೋದೆವು. ಸ್ಟೇಷನ್ ರಸ್ತೆಯ ಅಂಗಡಿ. ಒಳಗೆ ಹೋದೊಡನೆ ಅಂಗಡಿಯವನು ನನ್ನ ಗಂಡನಿಗೆ ಕುರ್ಚಿ ಕೊಟ್ಟ.

"ಮಗನಿಗೇನ್ರಿ ಸರ್?"

"ಇಲ್ಲ, ನಮ್ಮ ಮನಿಯವರಿಗೆ."

ಅವನು ಆಗ ನನ್ನನ್ನು ನೋಡಿದ. "ಮೇಡಂ ಆಡ್ತಾರೇನ್ರಿ? ಹಂಗಾದ್ರ ಇಷ್ಟೆಲ್ಲ ಯಾಕ ಬೇಕ್ರಿ, ಒಂದು ಲ್ಯಾಪ್‌ಟಾಪ್ ಸಾಕಾಗ್ತದ." ಗಂಡ ನೋಟ್‌ಬುಕ್ ತೆಗೆದಮೇಲೆ ಅವನ ಧಾಟಿ ಬದಲಾಯಿತು. ಗಾಜಿನ ಕ್ಯಾಬಿನೆಟ್ಟೊಂದನ್ನು ಎತ್ತಿ ತಂದು ಸ್ವಿಚ್ ಹಾಕಿದ. ಅದರೊಳಗಿನ ಫ್ಯಾನುಗಳಿಗೆ ಕೆಂಪು, ನೀಲಿ, ಹಸಿರು ದೀಪ ಹತ್ತಿದವು. "ನೋಡ್ರಿ ಸರ್, ಏ-ಒನ್ ಮಾಲ್ ಅದ. ಸುಮ್ನ ಮನಿ ಒಳಗ ಇಟ್ರೂ ಶೋಕೇಸ್ ಇದ್ದಂಗ ಕಾಣ್ತದ." ಮುಂದೆ ಗಾಜು, ಪಕ್ಕಕ್ಕೆ ಗಾಜು. ಗಾಳಿ ಎಲ್ಲಿಂದ ಒಳಗೆ ಹೋಗಬೇಕು ಎಂದು ನಾನು ಕೇಳಿದೆ. ಅವನು ನನ್ನ ಗಂಡನಿಗೆ ಉತ್ತರ ಹೇಳಿದ.

ಅವರಿಬ್ಬರೂ ಕಾರ್ಡಿನ ಉದ್ದ ಅಳೆಯುತ್ತಿದ್ದಾಗ ನಾನು ಮೌಸುಗಳಿದ್ದ ಕಪಾಟಿಗೆ ಹೋದೆ. ನಾಲ್ಕು ತೆಗೆಸಿದೆ. ನಾಲ್ಕಕ್ಕೂ ಎಡಬದಿಯಲ್ಲಿ ಹೆಬ್ಬೆರಳಿಗೊಂದು ತಗ್ಗು, ಅಲ್ಲಿ ಎರಡು ಗುಂಡಿ. ಎಡಗೈ ಇಟ್ಟರೆ ಆ ತಗ್ಗಿಗೆ ಕಿರುಬೆರಳು ಹೋಗಿ ಸಿಕ್ಕಿಕೊಳ್ಳುತ್ತದೆ, ಮೌಸಿನ ಬೆನ್ನು ಅಂಗೈಯನ್ನು ಹೊರಕ್ಕೆ ದೂಡುತ್ತದೆ.

"ಇವೆಲ್ಲ ಬಲಗೈಯವು. ಎರಡೂ ಕಡಿಗಿ ಸರಿಯಾಗಿರೋದು ತೋರಸ್ರಿ," ಎಂದೆ.

"ಎಲ್ಲಾ ಹಂಗೇ ಬರ್ತಾವ್ರಿ ಮೇಡಂ. ಎರಡು ದಿನ ಬಲಗೈಲೆ ಹಿಡೀರಿ, ರೂಢಿ ಆಗ್ತದ."

ನನ್ನ ಬಲಗೈ ಸೆರಗಿನ ಒಳಗಿತ್ತು. ಹೊರಗೆ ತೆಗೆದು ತೋರಿಸಬಹುದಿತ್ತು. ತೋರಿಸಲಿಲ್ಲ. ಗಂಡನ ಕಡೆ ನೋಡಿದೆ, ಅವರಾದರೂ ಹೇಳಲಿ ಎಂದು. ಅವರು ನೋಟ್‌ಬುಕ್ಕಿನಿಂದ ತಲೆ ಎತ್ತಿ, ನನ್ನ ಮುಖ ನೋಡಿ, ಮತ್ತೆ ತಗ್ಗಿಸಿದರು. "ಇರಲಿ ಬಿಡು, ಆಮ್ಯಾಲ ನೋಡೋಣ." ಅಂದು ಏನನ್ನೂ ಕೊಳ್ಳದೆ ಬಂದೆವು. ಬಸ್ಸಿನಲ್ಲಿ ಅವರು ಪವರ್ ಸಪ್ಲೈ ಬಗ್ಗೆ ಹೇಳುತ್ತಲೇ ಇದ್ದರು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಒಂದು ಮಾತು ಆಡಿದರೂ ಜಗಳವಾಗುತ್ತಿತ್ತು.

ಮರುವಾರ ನಾನೇ ಹಟ ಹಿಡಿದು ಸುರಪುರಕ್ಕೆ ಕರೆದುಕೊಂಡು ಹೋದೆ. ನನಗೆ ಕಲಿಸಿದ ಸರ್ ಈಗ ಕಲಿಸುವುದನ್ನು ಬಿಟ್ಟು ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದನ್ನೇ ಇಟ್ಟುಕೊಂಡಿದ್ದರು. ಬೇಕಾದ ಭಾಗಗಳನ್ನು ಹೈದರಾಬಾದಿನಿಂದ ತರಿಸುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನೋಡಿದೊಡನೆ ಗುರುತು ಹಿಡಿದರು.

"ಬಾ ತಂಗಿ. ಇನ್ನೂ ಆಟ ಬಿಟ್ಟಿಲ್ಲೇನ?"

ಹಾಳೆ ತೆಗೆದುಕೊಂಡು ಮೊಟ್ಟಮೊದಲ ಸಾಲಿನಲ್ಲೇ ಬರೆದರು: ಎರಡೂ ಕೈಗೆ ಆಗುವ ಮೌಸ್. ಎರಡನೆಯ ಸಾಲು: ಅಂಕಿ ಇರುವ ಪೂರಾ ಕೀಬೋರ್ಡ್. ನಾನು ಬಾಯಿ ಬಿಟ್ಟು ಹೇಳುವ ಮೊದಲೇ. ಆಮೇಲೆ ನನ್ನ ಗಂಡನ ನೋಟ್‌ಬುಕ್ ತೆಗೆದುಕೊಂಡು ಓದಿದರು. ಬಹಳಷ್ಟನ್ನು ಒಪ್ಪಿದರು, ಕ್ಯಾಬಿನೆಟ್ ಒಂದಕ್ಕೆ ಮಾತ್ರ ಅಡ್ಡಗೆರೆ ಎಳೆದರು.

"ಇದು ಬ್ಯಾಡ್ರಿ ಸರ್. ನಮ್ಮ ಕಡಿ ಬ್ಯಾಸಗಿಗಿ ಗಾಜಿನ ಡಬ್ಬಿ ಕುದೀತದ. ಮುಂದ ಗಾಳಿ ಆಡೋ ಜಾಳಗಿ ಇರೋದು ತರಸ್ತೀನಿ. ಮತ್ತ ಒಂದು ಯುಪಿಎಸ್ ಬೇಕೇಬೇಕು, ಕರೆಂಟಿನ ಹಣೇಬರ ನಿಮಗ ಗೊತ್ತೇ ಅದ."

ಅಂದು ಮನೆಗೆ ಬರುವಾಗ ನನ್ನ ಮನಸ್ಸು ಹಗುರವಾಗಿತ್ತು. ಕಂಪ್ಯೂಟರ್ ಮನೆಗೆ ಬರಲು ಹಿಡಿದ ಮೂರು ತಿಂಗಳಲ್ಲಿ ಅಂಥ ದಿನ ಅದೊಂದೇ.

ಮೊದಲು ಕಾರ್ಡ್ ಸಿಗಲಿಲ್ಲ. ಆಮೇಲೆ ಕಾರ್ಡ್ ಸಿಕ್ಕಿತು, ಅದಕ್ಕೆ ಸಾಕಾಗುವ ಪವರ್ ಸಪ್ಲೈ ಬರಲಿಲ್ಲ. ನಾನು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಅಂತೂ ಒಂದು ಭಾನುವಾರ ಎಲ್ಲ ಬಂದಿದೆ ಎಂದು ಸರ್ ತಿಳಿಸಿದರು. ಇಬ್ಬರೂ ಹೋದೆವು. ಮೇಜಿನ ಮೇಲೆ ಡಬ್ಬಿಗಳನ್ನು ಜೋಡಿಸಿಟ್ಟಿದ್ದರು. ನಾನು ಮೊದಲು ಮೌಸಿನ ಡಬ್ಬಿಗೆ ಕೈ ಹಾಕಿ, ಸೀಲ್ ಹರಿದು ತೆಗೆದೆ.

ಎಡಬದಿಯಲ್ಲಿ ಹೆಬ್ಬೆರಳಿನ ತಗ್ಗು. ಅದರೊಳಗೆ ಎರಡಲ್ಲ, ಐದು ಗುಂಡಿ.

ಕೀಬೋರ್ಡಿನ ಡಬ್ಬಿ ಅದಾಗಲೇ ಗಿಡ್ಡ ಕಾಣುತ್ತಿತ್ತು. ತೆಗೆದೆ. ಎಂಟರ್ ಗುಂಡಿಯಾದಮೇಲೆ ಏನೂ ಇಲ್ಲ, ಅಲ್ಲಿಗೇ ಮುಗಿದಿತ್ತು.

"ಸರ್, ಇದು ನನ್ನದಲ್ಲ. ಯಾರದೋ ಬಂದದ," ಎಂದೆ.

ಅವರು ನನ್ನ ಗಂಡನನ್ನು ನೋಡಿದರು. "ನಿಂದೇ ತಂಗಿ. ನಿಮ್ಮ ಯಜಮಾನ್ರು ಫೋನ್ ಮಾಡಿ ಬದಲಿ ಮಾಡಿಸಿದ್ರು. ನಾ ಎರಡು ಸಲ ಕೇಳ್ದೆ. ನಿನಗೂ ಗೊತ್ತದ ಅಂದ್ರು."

ಗಂಡನ ಮುಖದಲ್ಲಿ ಇನ್ನೂ ನಗು ಇತ್ತು. "ಸರ್ ಬರೆದಿದ್ದ ಮೌಸ್ ಆಫೀಸಿಂದು. ಇದಕ್ಕ ಎಲ್ಲರೂ ಮೊದಲನೇ ನಂಬರ್ ಕೊಟ್ಟಾರ. ಆಟ ಆಡೋರೆಲ್ಲ ಇಂಥ ಕೀಬೋರ್ಡೇ ತಗೋತಾರ. ನಿನಗ ಹೇಳಿ, ಮತ್ತ ನೀ ಬ್ಯಾಡ ಅಂದು, ಯಾಕ ಅಂತ..."

ನಾನು ಬಲಗೈಯನ್ನು ಸೆರಗಿನಿಂದ ತೆಗೆದು ಮೇಜಿನ ಮೇಲೆ, ಆ ಮೌಸಿನ ಪಕ್ಕದಲ್ಲೇ ಇಟ್ಟೆ. ಮದುವೆಯಾಗಿ ಏಳು ವರ್ಷದಲ್ಲಿ ಬೇರೆಯವರ ಎದುರಿಗೆ ಅದನ್ನು ತೋರಿಸಲೆಂದೇ ಇಟ್ಟಿದ್ದು ಅದೇ ಮೊದಲು.

"ಹ್ಯಾಂಗ ಹಿಡೀಲಿ? ಹೇಳ್ರಿ. ಯಾವ ಬೆರಳಿಲೆ ಯಾವ ಗುಂಡಿ ಒತ್ತಲಿ, ತೋರಸ್ರಿ."

ಅವರ ನಗು ಹೋಯಿತು. ಸರ್ ಎದ್ದು ಚಹಾ ಹೇಳುವ ನೆವದಲ್ಲಿ ಹೊರಗೆ ಹೋದರು. ಗಂಡ ತಗ್ಗಿದ ದನಿಯಲ್ಲಿ ಹೇಳಿದರು: "ನಿನ್ನ ಕೈ ನನಗ ಯಾವತ್ತೂ ಕಮ್ಮಿ ಅನಿಸಿಲ್ಲ. ಅದಕ್ಕೇ ಆ ಮಾತು ತಗದಿಲ್ಲ. ಎಲ್ಲರೂ ಯಾವುದು ಚಲೋ ಅಂತಾರೋ ನಿನಗೂ ಅದೇ ಇರಲಿ ಅಂತ ತರಿಸಿದೆ. ಕಮ್ಮಿಂದು ಯಾಕ ತರಬೇಕು?"

"ನಿಮಗ ಅನಿಸಿಲ್ಲ, ಖರೆ. ಆದ್ರ ಬೆರಳು ಇಲ್ಲಲ್ರಿ."

ಅವರು ಹೇಳಿದ್ದು ಸುಳ್ಳಲ್ಲ. ಮದುವೆಗೆ ನೋಡಲು ಬಂದ ದಿನದಿಂದ ಅವರು ನನ್ನ ಕೈಯ ವಿಷಯ ಎತ್ತಿದವರಲ್ಲ. ಅದನ್ನು ನಾನು ದೊಡ್ಡ ಗುಣ ಎಂದೇ ತಿಳಿದಿದ್ದೆ. ಯಾದಗಿರಿಯ ಅಂಗಡಿಯಲ್ಲಿ ತಲೆ ತಗ್ಗಿಸಿದ್ದೂ ಅದಕ್ಕೇ ಎಂದು ಈಗ ಗೊತ್ತಾಯಿತು. ಗೊತ್ತಾದರೂ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು. ಬೈಯಲೂ ಬಾರದಂಥ ತಪ್ಪನ್ನು ಮಾಡಿ ಕೂತಿದ್ದರು.

ಸೀಲ್ ಹರಿದ ಡಬ್ಬಿಗಳನ್ನು ಹೈದರಾಬಾದಿನವರು ವಾಪಸು ತೆಗೆದುಕೊಳ್ಳಲಿಲ್ಲ. ಹರಿದವಳು ನಾನೇ. ಸರ್ ನಮ್ಮ ಮನೆಗೆ ಬಂದು ಎಲ್ಲವನ್ನೂ ಜೋಡಿಸಿ, ಚಾಲೂ ಮಾಡಿ ತೋರಿಸಿ ಹೋದರು. ಆಟ ಇಳಿಸಿಕೊಳ್ಳಲು ನಾಲ್ಕು ದಿನ ಬೇಕಾಯಿತು. ಅರ್ಧಕ್ಕೆ ನೆಟ್ ಹೋಗುವುದು, ಬರುವುದು. ಐದನೆಯ ದಿನ ಹಿಮದ ಗುಡ್ಡ ಪರದೆಯ ತುಂಬ ತೆರೆದುಕೊಂಡಾಗ ನಾನು ಕುದುರೆ ಹತ್ತಲಾಗದೆ ಅದರ ಸುತ್ತಲೇ ತಿರುಗುತ್ತಿದ್ದೆ. ಎಡಗೈ ಆ ಮೌಸಿನ ಮೇಲೆ ಜಾರುತ್ತಿತ್ತು, ಬಲಗೈಗೆ ಗಿಡ್ಡ ಕೀಬೋರ್ಡಿನಲ್ಲಿ ನೆಲೆಯೇ ಇರಲಿಲ್ಲ. ಒಂದು ತೋಳ ಬಂದು ನನ್ನನ್ನು ಮೂರು ಸಲ ಕೊಂದಿತು. ಮುಂಗೈ ನೋಯತೊಡಗಿತು. ಬಂದ್ ಮಾಡಿ ಮೇಲೊಂದು ಟವೆಲ್ ಹೊದಿಸಿದೆ. ಹತ್ತು ದಿನ ಅದು ಹಾಗೇ ಇತ್ತು. ಗಂಡ ಅದರ ಮುಂದಿನಿಂದ ಹಾಯುವಾಗ ಅತ್ತ ನೋಡುತ್ತಿರಲಿಲ್ಲ.

ಆಮೇಲೊಂದು ದಿನ ಕಚೇರಿಯ ಕಡತ ಕೊಡಲು ಯಾದಗಿರಿಯ ಜಿಲ್ಲಾ ಕಚೇರಿಗೆ ಹೋಗಬೇಕಾಯಿತು. ಕೆಲಸ ಬೇಗ ಮುಗಿಯಿತು. ಎದುರಿಗೆ ಪೇಪರು, ಫೈಲು, ಪ್ರಿಂಟರಿನ ಶಾಯಿ ಮಾರುವ ಸಣ್ಣ ಅಂಗಡಿ. ಗಲ್ಲೆಯ ಹಿಂದೆ ನನ್ನ ವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ಮೌಸ್, ಕೀಬೋರ್ಡ್ ಇವೆಯೇ ಎಂದು ಕೇಳಿದೆ.

"ಆಫೀಸಿಗೇನ್ರಿ ಅಕ್ಕಾರ?"

"ಅಲ್ಲ, ಆಟ ಆಡಾಕ."

ಅವಳು ನಗಲಿಲ್ಲ. ನಾನು ಎರಡೂ ಕೈಗಳನ್ನು ಗಲ್ಲೆಯ ಮೇಲೆ ಇಟ್ಟು, ಏನು ಬೇಕೆಂದು ಹೇಳಿದೆ. ಅವಳು ಕೈ ನೋಡಿದಳು, ಐದು ಮೌಸ್ ತಂದು ಸಾಲಾಗಿಟ್ಟಳು, ಒಂದು ಉದ್ದನೆಯ ಕೀಬೋರ್ಡನ್ನು ಡಬ್ಬಿಯಿಂದ ತೆಗೆದು ಮುಂದಿಟ್ಟಳು. "ಹಿಡದು ನೋಡ್ರಿ, ಅವಸರ ಇಲ್ಲ." ಮೂರನೆಯ ಮೌಸ್ ಕೈಗೆ ಕೂತಿತು. ಸಾದಾ ಕಪ್ಪು ಮೌಸ್, ನಮ್ಮ ಕಚೇರಿಯಲ್ಲಿರುವಂಥದ್ದೇ. ಎರಡನ್ನೂ ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಆ ಸಂಜೆ ಕುದುರೆ ಹತ್ತಿದೆ. ತೋಳವನ್ನು ಎರಡನೆಯ ಬಾಣಕ್ಕೆ ಕೆಡವಿದೆ. ಗಂಡ ಬಾಗಿಲಲ್ಲಿ ನಿಂತು ನೋಡಿ, ಒಂದು ಸ್ಟೂಲ್ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. "ಯಾವ ಬೆರಳಿಗಿ ಯಾವ ಗುಂಡಿ ಇಟ್ಟೀ?" ಎಂದು ಕೇಳಿದರು. ನನ್ನ ಕೈಯ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ. ಹೇಳಿದೆ: ಮುಂದೆ ಹೋಗಲು ತೋರುಬೆರಳು, ಜಿಗಿಯಲು ಕಿರುಬೆರಳು, ಉಳಿದದ್ದೆಲ್ಲ ಹೆಬ್ಬೆರಳು. ಅವರು ನನ್ನ ಬಲಗೈ ಆಡುವುದನ್ನೇ ನೋಡುತ್ತ ಕೂತರು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಮೌಸ್ ಅವಸರಕ್ಕೆ ಒದಗುವುದಿಲ್ಲ. ಕೈ ಜೋರಾಗಿ ಆಡಿಸಿದರೆ ಗುರಿ ಎಲ್ಲೋ ಹೋಗುತ್ತದೆ, ಅದರ ಚಕ್ರ ಕಿರುಗುಟ್ಟುತ್ತದೆ. ಎಡಗೈಗೆಂದೇ ಮಾಡಿದ ಆಟದ ಮೌಸುಗಳು ಇವೆಯಂತೆ. ಸುರಪುರದ ಸರ್ ಹುಡುಕುತ್ತಲೇ ಇದ್ದಾರೆ. ಒಂದು ಕಡೆ ಸ್ಟಾಕ್ ಇಲ್ಲ ಅನ್ನುತ್ತಾರೆ, ಇನ್ನೊಂದು ಕಡೆ ನಮ್ಮ ಪಿನ್‌ಕೋಡಿಗೆ ಕಳಿಸುವುದಿಲ್ಲ ಅನ್ನುತ್ತಾರೆ. ಇಷ್ಟು ಆಸೆಪಟ್ಟು ತಂದ ಕಂಪ್ಯೂಟರಿನ ಮುಂದೆ ಕೂತಾಗೆಲ್ಲ, ನನ್ನ ಕೈ ಮುಟ್ಟುವ ಜಾಗ ಮಾತ್ರ ಸರಿಯಿಲ್ಲವಲ್ಲ ಎಂದು ಕಿರಿಕಿರಿಯಾಗುತ್ತದೆ. ಕಳೆದ ವಾರ ಗಂಡ ಫೋನಿನಲ್ಲಿ ಒಂದು ಮೌಸಿನ ಚಿತ್ರ ತೋರಿಸಿದರು. "ಇದು ಆಗ್ತದೇನ ನೋಡು. ನೀ ಹೂಂ ಅಂದ್ರ ಅಷ್ಟ." ದೊಡ್ಡದು ಮಾಡಿ, ತಿರುಗಿಸಿ ತಿರುಗಿಸಿ ನೋಡಿದೆ. ಬಲಬದಿ ಉಬ್ಬಿತ್ತು, ನನ್ನ ಎಡಗೈಯ ಹೆಬ್ಬೆರಳು ಕೂರಬೇಕಾದ ಕಡೆಯೇ.

"ಆಗಂಗಿಲ್ರಿ," ಎಂದೆ.

ಅವರು ಇನ್ನೊಂದು ಚಿತ್ರ ಹುಡುಕತೊಡಗಿದರು.