ಪಟಾಲಮ್ಮನ ಎರಡು ಗುಡ್ಡೆ

ಶೆಟ್ಟಿಹಳ್ಳಿಯ ಪಟಾಲಮ್ಮ ಓದಿದವರಲ್ಲ. ಚಿಕ್ಕಂದಿನಲ್ಲಿ ತಮ್ಮಂದಿರನ್ನು ಎತ್ತಿ ಆಡಿಸುವುದೇ ಕೆಲಸವಾಯಿತು. ಮದುವೆಯಾಗಿ ಬಂದ ಮೇಲೆ ರಾಗಿ ಹೊಲ, ದನ, ಆಮೇಲೆ ಆ ಹೊಲದಲ್ಲೇ ಎದ್ದ ಬಾಡಿಗೆ ಮನೆಗಳು. ಓದಲಿಲ್ಲವಲ್ಲ ಅಂತ ಅವರು ಕೊರಗಿದವರೂ ಅಲ್ಲ.

ಕೊರಗು ಇದ್ದದ್ದು ಸೊಸೆ ಮೋನಿಕಾಗೆ. ಬಿ.ಎ. ಕೊನೇ ವರ್ಷದಲ್ಲಿ ಮದುವೆ, ಹಿಂದೆಯೇ ಮಗು. ಇತಿಹಾಸ, ಅರ್ಥಶಾಸ್ತ್ರ ಎರಡೂ ಬಾಕಿ ಉಳಿದುಹೋದವು. ಮಗು ನರ್ಸರಿಗೆ ಹೋಗತೊಡಗಿದ ಮೇಲೆ ಮತ್ತೆ ಪುಸ್ತಕ ಹಿಡಿದಳು. ಎಷ್ಟು ಸಲ ಓದಿದರೂ ಪುಸ್ತಕ ಮುಚ್ಚಿದರೆ ಎಲ್ಲ ಮರೆತು ಹೋಗುತ್ತಿತ್ತು. ಗೆಳತಿ ಮಹತಿ ಒಂದು ಉಪಾಯ ಹೇಳಿಕೊಟ್ಟಳು: ಕಾರ್ಡಿನ ಒಂದು ಕಡೆ ಪ್ರಶ್ನೆ, ಹಿಂದುಗಡೆ ಉತ್ತರ. ನೋಡದೆ ಹೇಳಬೇಕು. ಬಂದದ್ದು ಒಂದು ಗುಡ್ಡೆ, ಬಾರದ್ದು ಇನ್ನೊಂದು. ಮಾರನೇ ದಿನ ಬಾರದ ಗುಡ್ಡೆಯಿಂದಲೇ ಶುರು.

ಕಾರ್ಡ್ ಹಿಡಿಯಲು ಎದುರಿಗೆ ಯಾರಾದರೂ ಬೇಕಿತ್ತು. ಗಂಡ ಉಮೇಶ್ ಕಟ್ಟಡದ ಕೆಲಸ ಮುಗಿಸಿ ಬರುವಷ್ಟರಲ್ಲಿ ಸುಸ್ತಾಗಿರುತ್ತಿದ್ದ. ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಪಟಾಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಕಾರ್ಡುಗಳನ್ನು ತಾವೇ ಇಸಕೊಂಡರು.

ಮೋನಿಕಾ ಪ್ರಶ್ನೆ ಓದಿ ಉತ್ತರ ಹೇಳುವಳು. ಅತ್ತೆ ಕಾರ್ಡ್ ತಿರುಗಿಸುವರು. ಸರಿಯೋ ತಪ್ಪೋ ಅವಳೇ ನೋಡಿಕೊಳ್ಳುವಳು. ಕೆಲವು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ, ಅವಳು ಸರಿ ಅಂದ ಕಾರ್ಡನ್ನು ಪಟಾಲಮ್ಮ ಬಾರದ ಗುಡ್ಡೆಗೆ ಹಾಕಿಬಿಟ್ಟರು.

"ಅತ್ತೆ, ಸರಿಯಾಗೇ ಹೇಳಿದ್ನಲ್ಲ?"

"ಏಳಿದೆ ಕಣವ್ವ. ಆದ್ರೆ ಉಡುಕಿ ಉಡುಕಿ ಏಳಿದೆ. ನಾಳೆ ಇನ್ನೊಂದ್ಸಲ ಏಳು."

ಮೋನಿಕಾ ನಕ್ಕುಬಿಟ್ಟಳು. ಅವಳು ಹೇಳಿದ್ದು ಊಹೆಯೇ. ಕಾರ್ಡಿನ ಅಕ್ಷರ ಗೊತ್ತಿಲ್ಲದಿದ್ದರೂ ಪಟಾಲಮ್ಮನಿಗೆ ಸೊಸೆಯ ಮುಖ ಗೊತ್ತಿತ್ತು. ಅನುಮಾನ ಬಂದಾಗ ಅವಳ ದನಿ ಇಳಿಯುತ್ತಿತ್ತು, ಬೆರಳು ದುಪಟ್ಟದ ಅಂಚು ತಿರುಚುತ್ತಿತ್ತು. ಅಂದಿನಿಂದ ಗುಡ್ಡೆ ಮಾಡುವ ಕೆಲಸ ಪೂರ್ತಿ ಅತ್ತೆಯದಾಯಿತು.

ರಿಸಲ್ಟ್ ಬಂದಾಗ ಇತಿಹಾಸ ಪಾಸು, ಅರ್ಥಶಾಸ್ತ್ರ ಸ್ವಲ್ಪದರಲ್ಲಿ ಹೋಗಿತ್ತು. ಮೋನಿಕಾ ಊಟಕ್ಕೇ ಏಳಲಿಲ್ಲ. ಇನ್ನು ಡಿಗ್ರಿ ಕಟ್ಟಿಕೊಂಡು ಏನಾಗಬೇಕು, ಬಿಟ್ಟುಬಿಡು ಅಂತ ಉಮೇಶ್ ಸಮಾಧಾನಕ್ಕೆಂದೇ ಹೇಳಿದ. ಪಟಾಲಮ್ಮ ಮಗನನ್ನು ಗದರಿ ಸುಮ್ಮನಾಗಿಸಿದರು. ಅನ್ನ ಕಲೆಸಿ ತಂದು ಸೊಸೆಯ ಪಕ್ಕ ಕೂತು ಬಾಯಿಗೆ ತುತ್ತಿಟ್ಟರು.

"ನೀನು ಓದ್ದೆ ಇದ್ರೆ ಮದ್ಯಾನ ನಂಗೂ ಒತ್ತೋಗಲ್ಲ. ನಾಳೆಯಿಂದ ಕೂತ್ಕೊಳಾನ," ಅಂದರು.

ಅಳುತ್ತಲೇ ಮೋನಿಕಾ ತುತ್ತು ನುಂಗಿದಳು. ಮಾರನೇ ದಿನ ಅಡುಗೆ ಮುಗಿಯುತ್ತಲೇ ಇಬ್ಬರೂ ಚಾಪೆ ಹಾಸಿ ಕೂತರು.

ಮುಂದಿನ ಸಲ ಅದೂ ಪಾಸಾಯಿತು. ಕಾಲೇಜಿನಿಂದ ಮೋನಿಕಾ ಮೊದಲು ಫೋನ್ ಮಾಡಿದ್ದು ಅತ್ತೆಗೆ. ಪಟಾಲಮ್ಮ ಬೇಗ ಮನೆಗೆ ಬಾ ಅಂತಷ್ಟೇ ಹೇಳಿ ಫೋನ್ ಇಟ್ಟರು. ಆಮೇಲೆ ಕೆಳಗಿಳಿದು ಹೋಗಿ, ಬಾಡಿಗೆಗಿದ್ದ ಅಕ್ಬರಿಯ ಬಾಗಿಲು ತಟ್ಟಿದರು.

"ನಾವು ಪಾಸಾದ್ವಿ ಕಣಮ್ಮ," ಅಂದರು.