ಅಜ್ಜಿಯ ಹನ್ನೊಂದು ದಾರಿಗಳು

ನನ್ನ ಭಾವ, ಅಂದರೆ ಅಕ್ಕನ ಗಂಡ, ಹತ್ತೊಂಬತ್ತು ವರ್ಷದಿಂದ ಒಂದೇ ಟಿವಿ ಧಾರಾವಾಹಿಗೆ ತೇಪೆ ಹಾಕುತ್ತಿದ್ದಾರೆ. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ಕುಟುಂಬವೊಂದರ ಕಥೆ ಅದು. ಮೂರನೇ ವರ್ಷ ಸತ್ತ ಮಾವ ಒಂಬತ್ತನೇ ವರ್ಷ ಊಟಕ್ಕೆ ಬಂದು ಕೂರುತ್ತಾನೆ. ಕಥೆ ಬರೆಯುವ ಮಹಾನುಭಾವರು ಬರೆದು ಕೈ ತೊಳೆದುಕೊಳ್ಳುತ್ತಾರೆ. ಅವನು ಹೇಗೆ ಬಂದ ಎಂಬುದಕ್ಕೆ ಕಾರಣ ಹುಡುಕಿ ಸಾಯಬೇಕಾದವರು ಭಾವ. ಸ್ಟುಡಿಯೋದಲ್ಲಿ ಅವರಿಗೆ ತೇಪೆ ಮೇಷ್ಟ್ರು ಎಂದೇ ಹೆಸರು. ಅಕ್ಕನ ವರಸೆ ಬೇರೆ. "ಅಲ್ಲಿ ಸತ್ತವರನ್ನೆಲ್ಲ ಎಬ್ಬಿಸ್ತಾರೆ. ಭಾನುವಾರ ಇವರನ್ನ ಎಬ್ಬಿಸೋಕೆ ಮಾತ್ರ ನಾನೇ ಬೇಕು."

ಪಕ್ಕದ ಮೇಜಿನಲ್ಲಿ ಕಂತುಗಳನ್ನು ಕತ್ತರಿಸಿ ಜೋಡಿಸುವವಳು ನಾನು. ಕಿಟಕಿಯಿಲ್ಲದ ಕೋಣೆ, ಗೋಡೆಯುದ್ದಕ್ಕೂ ಭಾವನ ನೋಟ್‌ಬುಕ್ಕುಗಳು. ಯಾವ ಕಂತಿನ ಹೊತ್ತಿಗೆ ಯಾರಿಗೆ ಯಾವ ಗುಟ್ಟು ಗೊತ್ತು, ಯಾರ ಯಾವ ಕೈಗೆ ಗಾಯ, ಎಲ್ಲ ಅದರಲ್ಲಿದೆ.

ಮೂರು ವರ್ಷದ ಹಿಂದೆ, ಅಜ್ಜಿಯ ಪಾತ್ರ ಮಾಡುವ ಹಿರಿಯ ನಟಿ ಸಂಭಾಷಣೆ ತಪ್ಪಿ ಹೇಳತೊಡಗಿದರು. ಇಂದಿನ ದೃಶ್ಯದಲ್ಲಿ ನಿಂತು ಆರು ವರ್ಷದ ಹಿಂದಿನ ಮಾತು ಹೇಳಿಬಿಡುವರು. ಮರೆವು ಎಂದು ಗೊತ್ತಾದರೆ ಪಾತ್ರ ಬೇರೆಯವರಿಗೆ ಹೋಗುತ್ತದೆ. ಆಕೆಗೆ ಆ ಪಾತ್ರವೇ ಜೀವ. ಭಾವ ನಿರ್ದೇಶಕರ ಮುಂದೆ ರೆಪ್ಪೆ ಬಡಿಯದೆ ಹೇಳಿದರು: "ತಪ್ಪಲ್ಲ ಸಾರ್. ಅಜ್ಜಿ ಆ ವರ್ಷದಿಂದಲೇ ನೇರವಾಗಿ ಇಲ್ಲಿಗೆ ಬಂದಿದ್ದಾಳೆ. ಅದಕ್ಕೇ ಹಳೇ ಮಾತು."

ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರಲ್ಲ, ಹಾಗಾಯಿತು. ಆಕೆ ತಪ್ಪಿದಾಗಲೆಲ್ಲ ಅಜ್ಜಿ ಇನ್ನೊಂದು ಕಾಲದಿಂದ ಬರಲು ಒಂದು ಹೊಸ ದಾರಿ. ಹಾಗೆ ಹನ್ನೊಂದು ದಾರಿಗಳಾದವು. ನೋಡುವವರಿಗೆ ಅಜ್ಜಿ ಇನ್ನಷ್ಟು ಇಷ್ಟವಾದಳು. ಭಾವ ಮಾತ್ರ ಕುರ್ಚಿಯಿಂದ ಏಳುವಾಗ ಮೇಜು ಹಿಡಿದು ಏಳುವಂತಾದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಯಾರ ಮೇಲೆ ತೀರಿಸಿಕೊಳ್ಳುವುದು?

ಹೋದ ತಿಂಗಳು ಒಂದು ದಿನ ಕ್ಯಾಮೆರಾ ಮುಂದೆ ಆಕೆ ತಪ್ಪು ಮಾತನ್ನೂ ಹೇಳಲಿಲ್ಲ, ಸುಮ್ಮನೆ ನಿಂತುಬಿಟ್ಟರು. ಹೊಂದಿಸೋಣವೆಂದರೆ ಹಳೆಯ ಮಾತೂ ಇಲ್ಲ. ಭಾವ ಕೋಣೆಗೆ ಓಡಿಬಂದು ನೋಟ್‌ಬುಕ್ ತಿರುವಿಹಾಕುತ್ತಿರುವಾಗ ಆಕೆಯೂ ಹಿಂದೆಯೇ ಬಂದು ಸ್ಟೂಲಿನ ಮೇಲೆ ಕೂತರು.

"ಸಾಕು ಬಿಡಪ್ಪ. ನೀನು ಮಾಡ್ತಿರೋದು ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?"

ಭಾವ ಇನ್ನೊಂದು ನೋಟ್‌ಬುಕ್ ಎಳೆದುಕೊಂಡರು.

"ಅಜ್ಜಿನ ಸಾಯಿಸಿಬಿಡು. ಆ ಸೀನು ನಾನೇ ಮಾಡಿ ಹೋಗ್ತೀನಿ. ಆದ್ರೆ ಒಂದೇ ಸಲ ಸಾಯಿಸು. ನಾಳೆ ಇನ್ಯಾರೋ ನನ್ನ ಕನ್ನಡಕ ಹಾಕ್ಕೊಂಡು ಎದ್ದು ಬರಬಾರದು."

ಮೂರು ದಿನ ಕೂತು ಭಾವ ತಾವೇ ತೆರೆದ ದಾರಿಗಳನ್ನು ಒಂದೊಂದಾಗಿ ಮುಚ್ಚಿದರು. ಆಕೆ ಪಕ್ಕದಲ್ಲೇ ಕೂತು ಪ್ರತಿಯೊಂದಕ್ಕೂ "ಇದು ಮುಚ್ಚಿತಾ?" ಎಂದು ಕೇಳುತ್ತಿದ್ದರು. ಹನ್ನೊಂದನೆಯದಕ್ಕೆ ಬಂದಾಗ ಭಾವನ ಪೆನ್ನು ನಿಂತಿತು.

"ಇದೊಂದು ಇರ್ಲಿ ಅಮ್ಮಾ," ಎಂದರು.

"ಬೇಡ ಕಣಪ್ಪ. ನಿನಗೂ ಸುಸ್ತಾಗಿದೆ."

ಭಾವ ಅತ್ತರು. ಅಳುತ್ತಲೇ ಅದನ್ನೂ ಮುಚ್ಚಿದರು.